ಓಡುವ ಹೆರಾಲ್ಡ್, ನಿಂತ ಹೆರಾಲ್ಡ್

ಸೇಲಂನಿಂದ ಯೇರ್ಕಾಡಿಗೆ ಹತ್ತುವ ಘಾಟಿಯಲ್ಲಿ 20 ಹೇರ್‌ಪಿನ್ ತಿರುವುಗಳಿವೆ. ಒಂದೊಂದಕ್ಕೂ ಅಂಕಿ ಬರೆದ ಫಲಕ ನಿಂತಿದೆ. ಈಗಿನ ದೊಡ್ಡ ಎಸ್‌ಯುವಿಗಳಿಗೆ ಕೆಲವು ತಿರುವುಗಳಲ್ಲಿ ರಸ್ತೆಯ ಪೂರ್ತಿ ಅಗಲ ಬೇಕು. ಎದುರಿನಿಂದ ಬಸ್ಸು ಬಂದರೆ ಒಬ್ಬರು ನಿಲ್ಲಲೇಬೇಕು. 1960ರ ದಶಕದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಆ ತಾಪತ್ರಯವಿಲ್ಲ. ಅದು ತಿರುಗಲು ಬೇಕಾದ ವೃತ್ತದ ವ್ಯಾಸ 25 ಅಡಿ ಮಾತ್ರ, ಲಂಡನ್ನಿನ ಟ್ಯಾಕ್ಸಿಗೆ ಹೆಸರು ತಂದುಕೊಟ್ಟಂಥ ಅಳತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂಚಕ್ರಗಳು ಮುರಿದವೇನೋ ಅನ್ನುವಷ್ಟು ಅಡ್ಡಕ್ಕೆ ಹೊರಳುತ್ತವೆ. ತನ್ನ ಪಥ ಬಿಡದೆ, ಹಿಂದೆ ಮುಂದೆ ಮಾಡದೆ, ಕಾರು ಮುಂದಿನ ಏರಿಗೆ ಮುಖ ಮಾಡಿಕೊಂಡು ನಿಲ್ಲುತ್ತದೆ.

ಹೆರಾಲ್ಡನ್ನು ಸ್ಪೋರ್ಟ್ಸ್ ಕಾರು ಎಂದರೆ ಇಂಗ್ಲೆಂಡಿನವರು ಒಪ್ಪಲಿಕ್ಕಿಲ್ಲ. ಅಲ್ಲಿ ಅದು 1959ರಲ್ಲಿ ಬಂದ ಸಂಸಾರಸ್ಥರ ಕಾರು. ಆದರೆ ಅದರ ಗೆರೆ ಎಳೆದವರು ಇಟಲಿಯ ಜಿಯೋವಾನಿ ಮಿಕೆಲೊಟ್ಟಿ. ಅದೇ ಚಾಸಿಯನ್ನು ಗಿಡ್ಡ ಮಾಡಿ, ಅದೇ ಮಿಕೆಲೊಟ್ಟಿ ರೂಪಿಸಿದ ಎರಡು ಸೀಟಿನ ಟ್ರಯಂಫ್ ಸ್ಪಿಟ್‌ಫೈರ್ 1962ರಲ್ಲಿ ಹೊರಬಂತು. ಅದು ಅಪ್ಪಟ ಸ್ಪೋರ್ಟ್ಸ್ ಕಾರು. ನಮ್ಮ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆ 1961ರಿಂದ ತಯಾರಿಸಿದ್ದು ಹೆರಾಲ್ಡನ್ನು ಮಾತ್ರ. 1953ರ ಸುಂಕ ಆಯೋಗದ ವರದಿಯ ಬೆನ್ನಿಗೆ ಫೋರ್ಡ್, ಜನರಲ್ ಮೋಟರ್ಸ್ ಕಂಪನಿಗಳು ಭಾರತ ಬಿಟ್ಟಿದ್ದವು. ಹೊರದೇಶದ ಕಾರು ತರಿಸುವುದು ಸಾಮಾನ್ಯರ ಕೈಗೆ ಎಟುಕದ ಮಾತಾಗಿತ್ತು. ಅದಕ್ಕೆ ಮೊದಲು ಬಂದಿಳಿದಿದ್ದ ಎಂಜಿ, ಜಾಗ್ವಾರ್‌ಗಳು ಅರಮನೆಗಳಲ್ಲಿ, ಕಾಫಿ ಎಸ್ಟೇಟುಗಳಲ್ಲಿ, ಕಂಪನಿ ಸಾಹೇಬರ ಬಂಗಲೆಗಳಲ್ಲಿ ಉಳಿದುಕೊಂಡವು. ಮಿಕ್ಕವರಿಗೆ ಕಲ್ಕತ್ತೆಯ ಅಂಬಾಸಡರ್, ಬೊಂಬಾಯಿಯ ಫಿಯೆಟ್, ಮದ್ರಾಸಿನ ಹೆರಾಲ್ಡ್. ಈ ಮೂರರಲ್ಲಿ ಎರಡೇ ಬಾಗಿಲು, ತಗ್ಗಿದ ಮೈ, ಹಗುರ ಸ್ಟೀರಿಂಗ್ ಇದ್ದದ್ದು ಆರಂಭದ ಹೆರಾಲ್ಡಿಗೆ. ಒಂದು ತಲೆಮಾರಿನ ದಕ್ಷಿಣ ಭಾರತದವರಿಗೆ ಸ್ಪೋರ್ಟ್ಸ್ ಕಾರಿನ ರುಚಿ ಹತ್ತಿದ್ದು ಅದರಿಂದಲೇ.

ಇಂದು ಒಳ್ಳೆಯ ಸ್ಥಿತಿಯ ಹೆರಾಲ್ಡ್ ರಸ್ತೆಗಿಳಿದರೆ ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಜನ ಸುತ್ತುವರಿಯುತ್ತಾರೆ. ಮೊದಲ ಪ್ರಶ್ನೆ: "ಯಾವ ವರ್ಷದ ಗಾಡಿ?" ಎರಡನೆಯದು: "ಈಗ ಎಷ್ಟಕ್ಕೆ ಹೋಗುತ್ತೆ?" ಹದಿನೈದು-ಇಪ್ಪತ್ತು ವರ್ಷದ ಹಿಂದೆ ಈ ಎರಡನೆಯ ಪ್ರಶ್ನೆ ಇಷ್ಟು ಬೇಗ ಬರುತ್ತಿರಲಿಲ್ಲ. ಆಗ ಕೇಳುತ್ತಿದ್ದದ್ದು "ಸ್ಪೇರ್ ಸಿಗುತ್ತಾ?" ಎಂದು. ಹಳೆಯ ಗಾಡಿ ಈಗ ಹೂಡಿಕೆಯ ಮಾತಾಗಿದೆ. ಹೀಗಾದದ್ದರಿಂದ ಕೆಲವು ಕಾರುಗಳು ಬದುಕಿಕೊಂಡವು, ಕೆಲವು ಶಾಶ್ವತವಾಗಿ ಗ್ಯಾರೇಜಿನೊಳಗೆ ಸೇರಿಕೊಂಡವು. ಎರಡನ್ನೂ ನೋಡಿದ ಮೇಲೆ ನನಗೆ ಗಟ್ಟಿಯಾದ ಮಾತೊಂದಿದೆ: ನಮ್ಮ ಭಾಗದಲ್ಲಿ ಹಳೆಯ ಕಾರನ್ನು ಬೆಲೆಗಾಗಿ ನಿಲ್ಲಿಸಿಟ್ಟವರು ಸುಖವನ್ನೂ ಕಳೆದುಕೊಳ್ಳುತ್ತಾರೆ, ಬೆಲೆಯನ್ನೂ ಕಳೆದುಕೊಳ್ಳುತ್ತಾರೆ.

ಬೆಲೆಯ ಹುಚ್ಚು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಫೆರಾರಿ 250 ಜಿಟಿಒ ಉದಾಹರಣೆ. 1962ರಿಂದ 1964ರ ನಡುವೆ ತಯಾರಾದದ್ದು 36 ಕಾರು. ಹೊಸದಿದ್ದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 18,000 ಡಾಲರ್. 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಹರಾಜಿನಲ್ಲಿ ಅಂಥದೊಂದು 4.84 ಕೋಟಿ ಡಾಲರಿಗೆ ಹೋಯಿತು. 2022ರ ಮೇ ತಿಂಗಳಲ್ಲಿ ಮರ್ಸಿಡಿಸ್ ಕಂಪನಿ ತಾನೇ ಜೋಪಾನ ಮಾಡಿಟ್ಟಿದ್ದ ಎರಡು 300 ಎಸ್‌ಎಲ್‌ಆರ್ ಕೂಪೆಗಳಲ್ಲಿ ಒಂದನ್ನು 13.5 ಕೋಟಿ ಯೂರೋಗೆ ಮಾರಿತು. ಆದರೆ ಈ ಏಣಿಗೆ ಇಳಿಯುವ ಮೆಟ್ಟಿಲೂ ಇದೆ. 1988ರಲ್ಲಿ ಎಂಜೊ ಫೆರಾರಿ ತೀರಿಕೊಂಡಾಗ ಅವರ ಕಾರುಗಳ ಬೆಲೆ ಆಕಾಶಕ್ಕೇರಿತು. 1990ರ ಸುತ್ತ ಜಪಾನಿನ ದುಡ್ಡು ಬತ್ತಿದ್ದೇ ತಡ, ದೊಪ್ಪನೆ ಕುಸಿಯಿತು. ಕೂಡಿಟ್ಟವರು ವರ್ಷಗಟ್ಟಲೆ ಕೈಕಟ್ಟಿ ಕೂತರು. ಇದೇ ಕಾಲದುದ್ದಕ್ಕೂ ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ಮರ್ ನಿಕ್ ಮೇಸನ್, 1970ರ ದಶಕದ ಕೊನೆಯಲ್ಲಿ ಸುಮಾರು 37,000 ಪೌಂಡಿಗೆ ಕೊಂಡ ತಮ್ಮ ಜಿಟಿಒವನ್ನು ರೇಸಿನಲ್ಲಿ, ರಸ್ತೆಯಲ್ಲಿ ಓಡಿಸುತ್ತಲೇ ಬಂದರು. ಓಡಿಸಿದ್ದಕ್ಕೆ ಅದರ ಬೆಲೆ ಕಡಿಮೆಯಾಗಲಿಲ್ಲ. ಯಾರು, ಎಲ್ಲಿ ಓಡಿಸಿದರು ಎಂಬ ಚರಿತ್ರೆಯೇ ಇಂಥ ಕಾರಿಗೆ ಬೆಲೆ ಕಟ್ಟುವುದರಲ್ಲಿ ಸೇರಿಕೊಂಡಿರುತ್ತದೆ.

ಬೆಲೆ ಕಟ್ಟುವವರು ಮೊದಲು ನೋಡುವುದು ಒರಿಜಿನಲ್ ಹೌದೋ ಅಲ್ಲವೋ ಎಂದು. ಆರ್‌ಸಿಯಲ್ಲಿ ಬರೆದ ಇಂಜಿನ್ ನಂಬರೂ ಚಾಸಿ ನಂಬರೂ ಗಾಡಿಯ ಮೇಲೆ ಕೊರೆದ ನಂಬರುಗಳಿಗೆ ಕೂಡಬೇಕು. ಆಮೇಲೆ ಎಷ್ಟು ಕೈ ಬದಲಾಗಿದೆ, ಬಣ್ಣ ಹಳೆಯದೇ, ಗಾಜಿನ ಮೇಲೆ ಕಂಪನಿಯ ಗುರುತಿದೆಯೇ, ಮೀಟರ್ ಬೋರ್ಡ್ ಬದಲಾಗಿದೆಯೇ. ನಮ್ಮಲ್ಲಿ ತೊಡಕು ಬರುವುದು ಇಲ್ಲಿಯೇ. ಹೆರಾಲ್ಡಿನ ಸ್ಪೇರ್ ಸಿಗದ ದಿನಗಳಲ್ಲಿ ಜನ ಕೈಗೆ ಸಿಕ್ಕಿದ್ದನ್ನು ಜೋಡಿಸಿ ಗಾಡಿ ಓಡಿಸಿದರು. ಸಂಸಾರ ನಡೆಯಬೇಕಿತ್ತು, ಮಕ್ಕಳನ್ನು ಶಾಲೆಗೆ ಬಿಡಬೇಕಿತ್ತು. ಬೇರೆ ಇಂಜಿನ್ ಕೂರಿಸಿಕೊಂಡು ಮೂವತ್ತು ವರ್ಷ ಓಡಿದ ಕಾರಿಗೆ ಇಂದಿನ ಮಾರುಕಟ್ಟೆಯಲ್ಲಿ ಮರ್ಯಾದೆ ಕಡಿಮೆ. ಇಂಜಿನ್ ಸೀಜ್ ಆಗಿ ಹುಣಸೆ ಮರದ ಕೆಳಗೆ ಮೂವತ್ತು ವರ್ಷ ನಿಂತ ಕಾರಿಗೆ "ಮ್ಯಾಚಿಂಗ್ ನಂಬರ್" ಎಂಬ ಹೆಗ್ಗಳಿಕೆ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ. ಬದುಕಿಸಿದ ಕೈಗೂ ಒಂದು ಬೆಲೆ ಇರಬೇಕು.

ದುಡ್ಡಿನ ಲೆಕ್ಕವನ್ನೇ ನೋಡೋಣ. ಒಬ್ಬರು 2 ಲಕ್ಷಕ್ಕೆ ಹಳೆಯ ಗಾಡಿ ತಂದರು ಅಂತಿಟ್ಟುಕೊಳ್ಳಿ. ಟಿಂಕರಿಂಗ್, ಪೇಂಟು, ಇಂಜಿನ್ ರೀಬೋರ್, ಸೀಟು, ಕ್ರೋಮಿಯಂ ಅಂತ 5 ಲಕ್ಷ ಸುರಿದರು. ಒಟ್ಟು 7 ಲಕ್ಷ. ಇದೇ ಹಣ ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಸುಮಾರು 10 ವರ್ಷದಲ್ಲಿ ದುಪ್ಪಟ್ಟಾಗುತ್ತದೆ. ಗಾಡಿಯೂ 14 ಲಕ್ಷಕ್ಕೆ ಏರಬೇಕು. ಜೊತೆಗೆ ಹತ್ತು ವರ್ಷದ ವಿಮೆ, ಶೆಡ್ಡು, ಟೈರು, ಬ್ಯಾಟರಿಯ ಖರ್ಚೂ ಹುಟ್ಟಬೇಕು. ಇಷ್ಟು ಲಾಭ ತರುವ ಕಾರುಗಳು ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ಅವು ಹೆಚ್ಚಾಗಿ ಅರಮನೆಯ ಚರಿತ್ರೆ ಬೆನ್ನಿಗಿರುವ ರೋಲ್ಸ್‌ರಾಯ್ಸ್, ಬೆಂಟ್ಲಿಗಳು. 1971ರಲ್ಲಿ ರಾಜಧನ ರದ್ದಾದ ಮೇಲೆ ಕೈಬಿಟ್ಟುಹೋದ ಕಾರುಗಳ ಕಥೆಯೇ ಬೇರೆ. ಹೆರಾಲ್ಡ್, ಫಿಯೆಟ್ ಕೊಂಡವರು ಲಾಭದ ಆಸೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುವುದು ಒಳ್ಳೆಯದು.

ಇನ್ನು ನಿಲ್ಲಿಸಿಟ್ಟರೆ ಕಾರು ಸವೆಯುವುದಿಲ್ಲ ಎಂಬ ನಂಬಿಕೆ. ಸೇಲಂ ಸೀಮೆ ರೇಷ್ಮೆ ನೇಯುವ ಸೀಮೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಜರಿ ಸೀರೆ ಉಡದಿದ್ದರೂ ಮಡಿಕೆಯಲ್ಲೇ ಹರಿಯುತ್ತದೆ ಎಂಬುದು ಅಲ್ಲಿನ ಮನೆಮನೆಗೂ ಗೊತ್ತು. ಕಾರಿನದೂ ಹಾಗೆಯೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಆ ನೀರು ವೀಲ್ ಸಿಲಿಂಡರಿನ ತಳಕ್ಕಿಳಿದು ತುಕ್ಕು ಹಿಡಿಸಿದರೆ ಒಂದು ದಿನ ಪೆಡಲ್ ನೆಲಕ್ಕಂಟುತ್ತದೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಳ್ಳುತ್ತದೆ. ಗೇರ್‌ಬಾಕ್ಸಿನ ಆಯಿಲ್ ಸೀಲು ಎಣ್ಣೆ ಕಾಣದೆ ಒಣಗಿ ಸೀಳುತ್ತದೆ. ಒಂದೇ ಜಾಗದಲ್ಲಿ ನಿಂತ ಟೈರು ಚಪ್ಪಟೆಯಾಗುತ್ತದೆ. ಟ್ಯಾಂಕಿನ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ಜೆಟ್ಟುಗಳನ್ನು ಮುಚ್ಚುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್; ಎಥನಾಲ್ ನೀರನ್ನು ಸೆಳೆಯುತ್ತದೆ, ಹಳೆಯ ರಬ್ಬರ್ ಪೈಪು, ಡಯಾಫ್ರಂಗಳನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ಆ ಕಾಲದ ಕಾರಿಗೆ ಈ ಪೆಟ್ರೋಲು ಹಾಕಿ ಆರು ತಿಂಗಳು ಸುಮ್ಮನೆ ಬಿಡುವುದಕ್ಕಿಂತ ದೊಡ್ಡ ಅಪಚಾರ ಇನ್ನಿಲ್ಲ. ಹೊರಗಿನಿಂದ ಹೊಳೆಯುವ ಗಾಡಿಯನ್ನು ತಿಳಿದವರು ಕೊಳ್ಳಲು ಬಂದಾಗ ಇದನ್ನೆಲ್ಲ ಒಂದೊಂದಾಗಿ ನೋಡುತ್ತಾರೆ, ಒಂದೊಂದಕ್ಕೂ ಬೆಲೆ ಮುರಿಯುತ್ತಾರೆ.

ವಾರಕ್ಕೊಮ್ಮೆ ಅರ್ಧ ಗಂಟೆ, ಇಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿದರೆ ಇವುಗಳಲ್ಲಿ ಬಹುಪಾಲು ಹತ್ತಿರ ಸುಳಿಯುವುದಿಲ್ಲ. ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡುವುದು ಕೆಟ್ಟ ಅಭ್ಯಾಸ. ಸೈಲೆನ್ಸರಿನೊಳಗೆ ಕಟ್ಟಿದ ನೀರು ಆವಿಯಾಗದೆ ಅಲ್ಲೇ ಉಳಿದು ತಗಡನ್ನು ತಿನ್ನುತ್ತದೆ.

ಓಡಿಸಲು ಬೆಂಗಳೂರಿನವರಿಗೆ ಸಿಗುವ ಒಳ್ಳೆಯ ದಾರಿಗಳಲ್ಲಿ ಯೇರ್ಕಾಡಿನದೂ ಒಂದು. ಅತ್ತಿಬೆಲೆ ದಾಟಿ ಹೊಸೂರು, ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು, ಸೇಲಂ, ಅಲ್ಲಿಂದ ಯೇರ್ಕಾಡು. ಸೇಲಂವರೆಗೆ ಸುಮಾರು 200 ಕಿಲೋಮೀಟರ್. ಕನ್ನಡಿಗರಿಗೆ ಇದು ಪರಕೀಯ ಸೀಮೆಯೇನಲ್ಲ. ನೊಳಂಬರು ಆಳಿದ ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯೊಳಗಿತ್ತು. 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾಗುವವರೆಗೆ ಹೊಸೂರೂ ಧರ್ಮಪುರಿಗೇ ಸೇರಿತ್ತು. ಹೊಸೂರಿನ ಸುತ್ತಲ ಹಳ್ಳಿಗಳಲ್ಲಿ, ಸೇಲಂನ ಕೆಲವು ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇನ್ನೂ ಮನೆಮಾತು. ದಾರಿಯಲ್ಲಿ ಗಾಡಿ ಕೆಟ್ಟರೆ ಮಾತಿಗೆ ಬರವಿಲ್ಲ.

ಕೆಡುವುದೂ ಉಂಟು. ಧರ್ಮಪುರಿಯ ಏಪ್ರಿಲ್ ಬಿಸಿಲಿನಲ್ಲಿ ಹಳೆಯ ಕಾರುಗಳಿಗೆ ಬರುವ ಕಾಯಿಲೆ ವೇಪರ್ ಲಾಕ್. ಪೆಟ್ರೋಲ್ ಪಂಪು ಇಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಶಾಖಕ್ಕೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಪಂಪು ಬರೀ ಗಾಳಿ ಎಳೆಯುತ್ತದೆ. ಗಾಡಿ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಇದಕ್ಕೆ ಮದ್ದು ಬಾಟಲಿ ನೀರು ಮತ್ತು ಹಳೆಯ ಪಂಚೆಯ ತುಂಡು. ಹೆರಾಲ್ಡಿನ ಬಾನೆಟ್ಟು ಎತ್ತುವುದೇ ಒಂದು ನೋಟ. ಮುಂದಿನ ರೆಕ್ಕೆಗಳೂ ದೀಪಗಳೂ ಸೇರಿದಂತೆ ಇಡೀ ಮೂತಿ ಮುಂದಕ್ಕೆ ಮಗುಚಿಕೊಂಡು ಇಂಜಿನ್, ಸಸ್ಪೆನ್ಷನ್, ಸ್ಟೀರಿಂಗ್ ರ‍್ಯಾಕ್ ಎಲ್ಲವೂ ಬಯಲಾಗುತ್ತವೆ. ಬಗ್ಗಬೇಕಿಲ್ಲ, ಮುಂದಿನ ಟೈರಿನ ಮೇಲೆಯೇ ಕೂತು ಕೆಲಸ ಮಾಡಬಹುದು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಗಾಜಿನ ಬಟ್ಟಲಿನೊಳಗೆ ಪೆಟ್ರೋಲು ಮತ್ತೆ ಏರುವುದನ್ನು ಕಣ್ಣಾರೆ ನೋಡಿ, ಒಂದು ಟೀ ಕುಡಿದು ಹೊರಡಬಹುದು. ಈಗಿನ ಕಾರಿನ ಬಾನೆಟ್ಟಿನೊಳಗೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಬಿಟ್ಟರೆ ಬೇರೇನೂ ಕಾಣದು. ತನ್ನ ಗಾಡಿ ಯಾಕೆ ನಿಂತಿತು, ಯಾಕೆ ಮತ್ತೆ ಹೊರಟಿತು ಎಂದು ಮಾಲೀಕನಿಗೇ ತಿಳಿಯುವ ಈ ಸುಖ ಯಾವ ಹರಾಜು ಪಟ್ಟಿಯಲ್ಲೂ ನಮೂದಾಗುವುದಿಲ್ಲ.

ತೊಪ್ಪೂರು ಘಾಟಿ ಇನ್ನೊಂದು ಪಾಠಶಾಲೆ. ಧರ್ಮಪುರಿ ಕಡೆಯಿಂದ ಸೇಲಂ ಕಡೆಗೆ ಇಳಿಜಾರು. ಡೀಸೆಲ್ ಉಳಿಸಲು ಲಾರಿಗಳು ನ್ಯೂಟ್ರಲ್‌ನಲ್ಲಿ ಇಳಿದು ಬ್ರೇಕ್ ಹಿಡಿಯದೆ ಆದ ಅಪಘಾತಗಳಿಂದ ಈ ಜಾಗಕ್ಕೆ ಕೆಟ್ಟ ಹೆಸರು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಹಳೆಯ ಕಾರಿಗೆ ಅಪಾಯ ಇನ್ನೂ ಹೆಚ್ಚು. ಬಿಸಿಯಾದ ಡ್ರಮ್ ಹಿಗ್ಗಿ, ಲೈನಿಂಗ್ ಹಿಡಿತ ಬಿಡುತ್ತದೆ. ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು, ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ತಣಿಯಲು ಸಮಯ ಕೊಡಬೇಕು. ಯೇರ್ಕಾಡಿನ ತಿರುವುಗಳಲ್ಲಿ ಹೆರಾಲ್ಡಿನ ಇನ್ನೊಂದು ಗುಣವೂ ಹೊರಬೀಳುತ್ತದೆ. ಅದರ ಹಿಂಬದಿಯದು ಸ್ವಿಂಗ್ ಆಕ್ಸಲ್. ವೇಗವಾಗಿ ತಿರುವಿಗೆ ನುಗ್ಗಿ, ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂಬದಿ ಮೇಲೆದ್ದು ಚಕ್ರಗಳು ಒಳಕ್ಕೆ ಮಡಚಿಕೊಳ್ಳುತ್ತವೆ, ಬಾಲ ಜಾರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ಒಳಗೆ ಹೋದ ಮೇಲೆ ಕಾಲನ್ನು ಹದವಾಗಿ ಒತ್ತಿ ಹಿಡಿದರೆ ಅದೇ ಕಾರು ನೂಲು ಹಿಡಿದಂತೆ ಹೋಗುತ್ತದೆ. ಈ ಹದ ಮೊದಲ ಕೆಲವು ತಿರುವಿನಲ್ಲಿ ಬರುವುದಿಲ್ಲ. ಮೇಲೆ ಹೋಗುತ್ತ ಕಾಲಿಗೆ ತಾನಾಗಿ ತಿಳಿಯುತ್ತದೆ. ಸುಮಾರು 1,500 ಮೀಟರ್ ಎತ್ತರದ ಯೇರ್ಕಾಡಿನ ಕಾಫಿ ತೋಟಗಳ ನೆರಳು ಸಿಗುವ ಹೊತ್ತಿಗೆ ಕಾರಿಗೂ ಓಡಿಸುವವರಿಗೂ ಒಪ್ಪಂದವಾಗಿರುತ್ತದೆ. ಗಂಟೆಗೆ 40 ಕಿಲೋಮೀಟರ್ ಮೀರದ ವೇಗದಲ್ಲಿ ಇಷ್ಟು ಎಚ್ಚರ, ಇಷ್ಟು ಆನಂದ ಕೊಡುವ ಹೊಸ ಕಾರು ಯಾವುದಿದೆ?

ಕಾರು ಕೊಳ್ಳಲಾಗದವರು ಇದೇ ಆನಂದವನ್ನು ಎರಡು ಚಕ್ರದಲ್ಲಿ ಕಂಡುಕೊಂಡರು, ಅದರ ಕಾರ್ಖಾನೆಯೂ ಇದೇ ದಾರಿಯಲ್ಲಿತ್ತು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ ಎಎಕ್ಸ್100 ಹೊರಬಂದಾಗ, 1990ರ ದಶಕದಲ್ಲಿ ಶೋಗನ್ ಬಂದಾಗ ಹೊಸೂರು ಇನ್ನೂ ಧರ್ಮಪುರಿ ಜಿಲ್ಲೆಯ ಊರು. ಇತ್ತ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಿಸಿತು. ಟೂ-ಸ್ಟ್ರೋಕ್ ಇಂಜಿನ್ನಿನ ಹೊಗೆಯ ವಾಸನೆಗೆ ಈಗ ಬೆಲೆ ಬಂದಿದೆ. ಆರ್‌ಎಕ್ಸ್100 ಎಂದರೆ ಹುಡುಗರು ಹೊಸ ಬೈಕಿನ ಬೆಲೆ ಕೊಡಲೂ ತಯಾರು. ಆದರೆ ಈ ಲೋಕದಲ್ಲಿ ಒಂದು ಆರೋಗ್ಯ ಉಳಿದಿದೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನಕ್ಕೆ ಬೆಂಗಳೂರಿನಲ್ಲಿ ಸೇರುವವರು ಗಾಡಿಗಳನ್ನು ಓಡಿಸಿಕೊಂಡೇ ಬರುತ್ತಾರೆ, ಟ್ರೇಲರಿನ ಮೇಲೆ ಹೇರಿ ತರುವುದಿಲ್ಲ. ಎಣ್ಣೆ ಸುರಿಸುವ, ಬಣ್ಣ ಮಾಸಿದ ಗಾಡಿಗೂ ಅಲ್ಲಿ ಜಾಗವಿದೆ.

ಬೆಲೆಯನ್ನು ಬರೀ ದೂರಿದರೆ ನ್ಯಾಯವಾಗುವುದಿಲ್ಲ. ಬೆಲೆ ಬಾರದ ಗಾಡಿಯ ಗತಿ ಏನು ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಸಾಕ್ಷಿ ಇದೆ. 1980ರ ದಶಕದಲ್ಲಿ ಸಿಪಾನಿಯವರ ಕಾರ್ಖಾನೆ ಡಾಲ್ಫಿನ್ ಎಂಬ ಪುಟ್ಟ ಎರಡು ಬಾಗಿಲ ಕಾರು ಮಾಡಿತು. ಮೂಲ ಬ್ರಿಟನ್ನಿನ ರಿಲಯಂಟ್ ಕಿಟನ್. ಮೈ ಫೈಬರ್‌ಗ್ಲಾಸಿನದು, ಇಂಜಿನ್ 848 ಸಿಸಿ. ತೂಕ ಎಷ್ಟು ಕಡಿಮೆಯೆಂದರೆ ರ‍್ಯಾಲಿ ಓಡಿಸುವವರು ಅದನ್ನು ಹುಡುಕಿ ಕೊಂಡರು. ಕರ್ನಾಟಕದಲ್ಲಿ ಹುಟ್ಟಿದ ಕಾರುಗಳಲ್ಲಿ ಸ್ಪೋರ್ಟ್ಸ್ ಕಾರಿನ ಸ್ವಭಾವಕ್ಕೆ ಅಷ್ಟು ಹತ್ತಿರ ಬಂದದ್ದು ಇನ್ನೊಂದಿಲ್ಲ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಡಾಲ್ಫಿನನ್ನು ಕೇಳುವವರು ಕಡಿಮೆಯಾದರು, ಎಷ್ಟೋ ಗಾಡಿಗಳು ಗುಜರಿ ಸೇರಿದವು. ಇಂದು ಒಂದು ಸುಸ್ಥಿತಿಯ ಡಾಲ್ಫಿನ್ ನೋಡಬೇಕೆಂದರೆ ಊರೂರು ಅಲೆಯಬೇಕು. ಅದಕ್ಕೂ ಸಕಾಲದಲ್ಲಿ ನಾಲ್ಕು ಕಾಸಿನ ಬೆಲೆ ಬಂದಿದ್ದರೆ ಹೀಗಾಗುತ್ತಿರಲಿಲ್ಲ. ಸಂಗ್ರಹಾಲಯಗಳ ಉಪಕಾರವೂ ಸಣ್ಣದಲ್ಲ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಕಾರುಗಳು, ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಅವರ ಹೆಸರಿನ ಜೀಡೀ ಕಾರ್ ಮ್ಯೂಸಿಯಂ ನೋಡಿ ಬಂದ ಮಗುವಿಗೆ ಕಾರೆಂದರೆ ಬರೀ ಟಚ್‌ಸ್ಕ್ರೀನ್ ಅಲ್ಲ ಎಂದು ತಿಳಿಯುತ್ತದೆ. ಸಂಗ್ರಹಾಲಯ ಇರಲಿ. ಪ್ರತಿಯೊಬ್ಬರ ಗ್ಯಾರೇಜೂ ಸಂಗ್ರಹಾಲಯವಾಗುವುದು ಬೇಡ.

ಓಡಿಸುವುದೋ ನಿಲ್ಲಿಸಿಡುವುದೋ ಎಂಬ ಈ ಹಗ್ಗಜಗ್ಗಾಟವನ್ನು ಸರ್ಕಾರದ ನಿಯಮ ಈಗ ಕಾಗದದ ಮೇಲೆ ತಂದಿಟ್ಟಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಮೈ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ಕಾರು-ಬೈಕುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 'ವಿಎ' ಅಕ್ಷರವಿರುವ ನಂಬರ್; ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಆಮೇಲಿನ ಮರುನೋಂದಣಿಗೆ 5,000. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ತಾಂತ್ರಿಕ ಅಧ್ಯಯನಕ್ಕೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು. ದಿನಬಳಕೆಗೆ ಓಡಿಸುವಂತಿಲ್ಲ.

ಇನ್ನೊಂದು ದಾರಿ ಮಾಮೂಲಿ ನವೀಕರಣ. ಪ್ರತಿ 5 ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಿ ಎಫ್‌ಸಿ ಮಾಡಿಸುವುದು. 2025ರ ಆಗಸ್ಟ್ ಅಧಿಸೂಚನೆಯಲ್ಲಿ 20 ವರ್ಷ ಮೀರಿದ ಕಾರಿಗೆ ಈ ಶುಲ್ಕ 10,000 ರೂಪಾಯಿಗೆ, ಆಮದು ಕಾರಿಗೆ 80,000 ರೂಪಾಯಿಗೆ ಏರಿತು. ಹೆರಾಲ್ಡಿಗೆ 10 ವರ್ಷದಲ್ಲಿ ಎರಡು ನವೀಕರಣ, ಒಟ್ಟು 20,000: ಮೊದಲ ಹತ್ತು ವರ್ಷಕ್ಕೆ ಎರಡೂ ದಾರಿಯ ಖರ್ಚು ಒಂದೇ. ಆದರೆ ಯೇರ್ಕಾಡಿನಂಥ ಊರಿನ ಹಳೆಯ ಬಂಗಲೆಯೊಂದರಲ್ಲಿ ಆಮದಾದ ಎಂಜಿ ಇದ್ದರೆ ಅದರ ಮಾಲೀಕರು ಅದೇ 10 ವರ್ಷಕ್ಕೆ 1,60,000 ರೂಪಾಯಿ ಕಟ್ಟಬೇಕು. ಅಪ್ಪಟ ಸ್ಪೋರ್ಟ್ಸ್ ಕಾರನ್ನೇ ಈ ಲೆಕ್ಕ ಗಾಜಿನ ಪೆಟ್ಟಿಗೆಯ ಕಡೆಗೆ ತಳ್ಳುತ್ತಿದೆ. ಓಡುವುದಕ್ಕೆಂದೇ ಹುಟ್ಟಿದ ಗಾಡಿಗೆ ಇದು ಸಲ್ಲದು. ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಮಿತಿ ಹಾಕಿ, ಯಾವ ದಿನ ಎಲ್ಲಿಗೆ ಎಂದು ಕೇಳದೆ ವಿಂಟೇಜ್ ಗಾಡಿಗಳನ್ನು ರಸ್ತೆಗೆ ಬಿಡುವುದು ಸಾಧ್ಯವಾಗಬೇಕು. ಗಡಿಯ ಎರಡೂ ಕಡೆ ಬಾಳುವವರಿಗೆ ಇನ್ನೊಂದು ಎಚ್ಚರಿಕೆ: ಕೆಎ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಹೊಸೂರಿನಲ್ಲೋ ಸೇಲಂನಲ್ಲೋ ಇಟ್ಟುಕೊಂಡರೆ ಎನ್‌ಒಸಿ ತಂದು ತಮಿಳುನಾಡಿನ ನಂಬರ್ ಪಡೆಯಬೇಕು. ಮೈಸೂರು ರಾಜ್ಯದ ಕಾಲದ ಹಳೆಯ ನಂಬರ್ ಪ್ಲೇಟನ್ನು ಪ್ರೀತಿಯಿಂದ ಉಳಿಸಿಕೊಂಡವರು ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು.

ಹೆರಾಲ್ಡಿನ ಕೊನೆಯ ರೂಪ ಗೆಜೆಲ್. 1972ರಲ್ಲಿ ಬಂತು. ನಮ್ಮ ರಸ್ತೆಗಳಿಗೆ ತಾಳದ ಸ್ವಿಂಗ್ ಆಕ್ಸಲನ್ನು ತೆಗೆದು ಅದಕ್ಕೆ ಸಾದಾ ಗಟ್ಟಿ ಆಕ್ಸಲ್ ಹಾಕಿದ್ದರು. ಅದರ ತಯಾರಿಕೆ ನಿಂತದ್ದು 1977ರ ಸುಮಾರಿಗೆ. ಹಾಗಾಗಿ ಇನ್ನು ಸ್ವಲ್ಪ ದಿನದಲ್ಲಿ ಮದ್ರಾಸಿನ ಆ ಕಾರ್ಖಾನೆಯಿಂದ ಹೊರಬಂದ ಹೆರಾಲ್ಡ್, ಗೆಜೆಲ್ ಎಲ್ಲವೂ 50 ದಾಟಿರುತ್ತವೆ. ಸೇಲಂ, ಧರ್ಮಪುರಿ, ಹೊಸೂರಿನ ಆರ್‌ಟಿಒ ಕಚೇರಿಗಳಲ್ಲಿ ಅವುಗಳ ಮಾಲೀಕರ ಮುಂದೆ ಎರಡು ಅರ್ಜಿಗಳಿರುತ್ತವೆ. ಗಾಡಿ ಘಾಟಿ ಹತ್ತುವ ಸ್ಥಿತಿಯಲ್ಲಿದ್ದರೆ ಐದು ವರ್ಷದ ಮಾಮೂಲಿ ನವೀಕರಣದ ಅರ್ಜಿಯನ್ನೇ ತುಂಬಿ ಎನ್ನುತ್ತೇನೆ. ಬ್ರೇಕ್ ಪರೀಕ್ಷೆಗೆ ಒಯ್ಯುವ ಮೊದಲು ನಾಲ್ಕೂ ವೀಲ್ ಸಿಲಿಂಡರಿನ ರಬ್ಬರ್ ಬದಲಿಸಿ, ಆಯಿಲ್ ಹೊಸದಾಗಿ ತುಂಬಿಸಿ.